ದಸರಾ ರಜೆಯಲ್ಲಿ ಊಟಿ: ಪಿ.ಬಿ. ರಸ್ತೆಯ ಟ್ರಾವೆಲ್ಸ್ ಬಗ್ಗೆ

ಅಪ್ಪ, ಅಮ್ಮನ ಜೊತೆ ಊಟಿಗೆ ಹೋಗಿ ಬಂದೆವು. ಗಾಡಿ, ರೂಮು, ನೀಲಗಿರಿಗೆ ಬೇಕಾದ ಇ-ಪಾಸ್ ಎಲ್ಲವನ್ನೂ ದಾವಣಗೆರೆಯ ಪಿ.ಬಿ. ರಸ್ತೆಯ ಒಂದು ಸಣ್ಣ ಟ್ರಾವೆಲ್ಸ್‌ನವರೇ ನೋಡಿಕೊಂಡರು.

ನನಗೆ ತುಂಬಾ ಇಷ್ಟವಾಗಿದ್ದು, ಅವರು ರೇಟಿಗಿಂತ ಮೊದಲು ಹವಾಮಾನದ ಮಾತು ತೆಗೆದದ್ದು. "ಮುಂಗಾರು ಹೋಗ್ತಿರ್ತದೆ, ಹಿಂಗಾರು ಬರ್ತಿರ್ತದೆ. ನೋಡೋದೆಲ್ಲ ಬೆಳಿಗ್ಗೆನೇ ಮುಗಿಸ್ಕೊಳ್ರಿ ಅಕ್ಕಾ" ಅಂದರು. ಹಾಗೇ ಮಾಡಿದೆವು. 2,637 ಮೀಟರ್ ಎತ್ತರದ ದೊಡ್ಡಬೆಟ್ಟಕ್ಕೆ ಬೆಳಿಗ್ಗೆಯೇ ಹತ್ತಿದೆವು. ಕಂಬಿಯ ಮೇಲೆಲ್ಲಾ ಮಂಜಿನ ಹನಿ, ಎದುರಿಗೆ ಬರೀ ಬಿಳುಪು. ಒಂದು ಗಾಳಿ ಬೀಸಿದ್ದೇ ತಡ, ಕಣಿವೆ ಪೂರ್ತಿ ಕಂಡಿತು! ಅಮ್ಮ ಚಪ್ಪಾಳೆ ತಟ್ಟಿದರು. ಮಧ್ಯಾಹ್ನ ಊಟದ ಹೊತ್ತಿಗೆ ಮಳೆ ಹಿಡಿಯಿತು.

ರೈಲು ಟಿಕೆಟ್ ಕೂಡ ಕೂನೂರಿನಿಂದ ಊಟಿವರೆಗೆ ಮಾತ್ರ ಮಾಡಿಸಿದ್ದರು. ಹಿಂಗಾರಿನಲ್ಲಿ ಕೂನೂರಿಗಿಂತ ಕೆಳಗಿನ ಮೆಟ್ಟುಪಾಳ್ಯಂ ಘಾಟಿಯಲ್ಲಿ ಗುಡ್ಡ ಕುಸಿದು ರೈಲು ನಿಲ್ಲೋದು ಜಾಸ್ತಿ, ಅಲ್ವಾ? ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ಡ್ರೈವರ್ ಅಣ್ಣ ಅದನ್ನು ಲೆಕ್ಕ ಹಾಕಿಯೇ ಹೊರಟರು.

ರೂಮು ಮಾತ್ರ ಬೇಜಾರು ಮಾಡಿತು. ಹಾಸಿಗೆ ತಣ್ಣಗೆ ಒದ್ದೆಯಾದಂಗಿತ್ತು, ರಗ್ಗು ತೆಳ್ಳಗೆ. ಒಗೆದ ಬಟ್ಟೆ ಊರಿಗೆ ಬಂದ ಮೇಲೇ ಒಣಗಿದ್ದು. ನಮ್ಮೂರಿನ ಸೆಕೆಯಲ್ಲಿ ಕೂತು ಸ್ವೆಟರ್ ಸಾಕು ಅನ್ನಿಸುತ್ತೆ, ಸಾಕಾಗಲ್ಲ. ಟೋಪಿ ಇರೋ ಜರ್ಕಿನ್ ತಗೊಳ್ಳಿ, ಆ ಗಾಳಿಗೆ ಛತ್ರಿ ನಿಲ್ಲಲ್ಲ. ವಯಸ್ಸಾದವರಿದ್ದರೆ ಎರಡು ರಗ್ಗು, ಬಿಸಿನೀರು ಬೇಕೇ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿ.