ಗೋಡೆಗೆ ಯಾವ ಬಂದರು: ದೆರೇನ್ ಅಥವಾ ಸಿನ್ಯಾಕ್?

ದುಡಿಯುವ ಬಂದರಿನ ವರ್ಣಮಯ ಚಿತ್ರವೊಂದರ ಮುದ್ರಿತ ಪ್ರತಿಯನ್ನು ಕೊಳ್ಳಲು ಹೊರಟವರು ಫ್ರಾನ್ಸಿನ ಇಬ್ಬರು ಕಲಾವಿದರ ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಬಹುದು.

ಆಂದ್ರೆ ದೆರೇನ್ 1906ರಲ್ಲಿ ರಚಿಸಿದ, ಈಗ ಲಂಡನ್ನಿನ ಟೇಟ್ ಸಂಗ್ರಹದಲ್ಲಿರುವ ‘ದಿ ಪೂಲ್ ಆಫ್ ಲಂಡನ್’ನಲ್ಲಿ ಥೇಮ್ಸ್ ನದಿಯ ಸರಕು ಹಡಗುಗಳು ಮುಂಭಾಗವನ್ನೆಲ್ಲ ಆಕ್ರಮಿಸಿಕೊಂಡಿದ್ದು, ಹಿಂದೆ ಟವರ್ ಬ್ರಿಜ್ ನೀಲಿಯಾಗಿ ನಿಂತಿದೆ. ಫ್ರೆಂಚ್ ಚಿತ್ರಕಾರ ಕ್ಲೋದ್ ಮೋನೆಯ ಮಂಜು ಮುಸುಕಿದ ಲಂಡನ್ ಚಿತ್ರಗಳ ಯಶಸ್ಸನ್ನು ಕಂಡ ಕಲಾವ್ಯಾಪಾರಿ ವೊಲಾರ್ ಅವರೇ ದೆರೇನರನ್ನು ಅಲ್ಲಿಗೆ ಕಳುಹಿಸಿದ್ದು. ಆದರೆ ಮೋನೆಯ ಮಂಜಿನ ಬದಲು ಇಲ್ಲಿರುವುದು ಕೆಂಪು, ಹಸಿರು, ನೀಲಿಗಳ ನೇರ ಜಟಾಪಟಿ.

ಪಾಲ್ ಸಿನ್ಯಾಕ್ 1901–02ರಲ್ಲಿ ರಚಿಸಿದ, ಈಗ ಟೋಕಿಯೋದ ವಸ್ತುಸಂಗ್ರಹಾಲಯದಲ್ಲಿರುವ ‘ಸೇಂಟ್ ಟ್ರೋಪೆ ಬಂದರು’ ಹಾಯಿದೋಣಿಗಳ ಲೋಕ. ಸ್ವತಃ ನಾವಿಕರಾಗಿದ್ದ ಅವರು 1892ರಲ್ಲಿ ತಮ್ಮ ದೋಣಿಯಲ್ಲೇ ದಕ್ಷಿಣ ಫ್ರಾನ್ಸಿನ ಆ ಊರು ಸೇರಿದ್ದರು. ಬಣ್ಣಗಳನ್ನು ಕಲಸದೆ, ಇಟ್ಟಿಗೆಯಂತಹ ಬಿಡಿ ಕುಂಚಗುರುತುಗಳನ್ನು ಪಕ್ಕಪಕ್ಕ ಜೋಡಿಸಿರುವುದರಿಂದ ನೀರು ಮಿನುಗುತ್ತದೆ.

ಗಾತ್ರವನ್ನು ಮರೆಯಬಾರದು. ಸಿನ್ಯಾಕರ ಮೂಲಕೃತಿ ಸುಮಾರು 131 × 161 ಸೆಂ.ಮೀ. ಇರುವುದರಿಂದ ಪುಟ್ಟ ಪ್ರತಿಯಲ್ಲಿ ಆ ಗುರುತುಗಳು ಕಲೆತುಹೋಗುತ್ತವೆ. ಸುಮಾರು 66 × 99 ಸೆಂ.ಮೀ.ನ ದೆರೇನ್ ಕೃತಿಯ ದೊಡ್ಡ ಬಣ್ಣಪಟ್ಟಿಗಳು ಕುಗ್ಗಿದರೂ ಕೆಡುವುದಿಲ್ಲ. ಹಾಗಾಗಿ ಇಕ್ಕಟ್ಟಾದ ಗೋಡೆಗೆ ದೆರೇನರೇ ಸರಿ. ವಿಶಾಲ ಗೋಡೆಯೂ ಹಗಲಿನ ಬೆಳಕೂ ಇದ್ದರೆ ನನ್ನ ಒಲವು ಸಿನ್ಯಾಕರತ್ತ.