ಕ್ಲಬ್‌ನೋರ ಹಾರ್ಟ್ ಹೆಲ್ತ್ ಕ್ಯಾಂಪ್‌ಗೆ ಅಪ್ಪನ್ನ ಕರ್ಕೊಂಡು ಹೋಗಿದ್ದೆ

ಮ್ಯಾಚ್‌ಗೆ ಮುಂಚೆ ಸ್ಟೇಡಿಯಂ ಗೇಟ್ ಹತ್ರಾನೇ ಫುಟ್‌ಬಾಲ್ ಕ್ಲಬ್‌ನೋರು ಫ್ರೀಯಾಗಿ ಬಿಪಿ ನೋಡ್ತಿದ್ರು, ಸಿಪಿಆರ್ (ಹೃದಯ ನಿಂತೋರಿಗೆ ಎದೆ ಒತ್ತಿ ಜೀವ ಉಳಿಸೋ ವಿಧಾನ) ಕೂಡ ಕಲಿಸ್ತಿದ್ರು. ಆಸ್ಪತ್ರೆ ಅಂದ್ರೆ ಬರೋದೇ ಇಲ್ಲ ಅನ್ನೋ ಅಪ್ಪ ಇಲ್ಲಿ ಕ್ಲಬ್ ಜೆರ್ಸಿ ಹಾಕಿದ್ದ ಹುಡುಗ ಬನ್ನಿ ಸಾರ್ ಅಂದಿದ್ದಕ್ಕೆ ತಾವೇ ಹೋಗಿ ಕೂತ್ಕೊಂಡ್ರು, ಈ ಕ್ಯಾಂಪೇನ್‌ನ ದೊಡ್ಡ ಶಕ್ತಿ ಇದೇ ಅನ್ಸತ್ತೆ ನಂಗೆ.

ಸಿಪಿಆರ್ ಭಾಗ ಅಂತೂ ತುಂಬಾ ಚೆನ್ನಾಗಿತ್ತು. ಬೊಂಬೆ ಮೇಲೆ ನಮ್ಮ ಕೈಯಲ್ಲೇ ಮಾಡಿಸ್ತಾರೆ, ಎದೆ ಮಧ್ಯ ಅಂಗೈ ಇಟ್ಟು 5-6 ಸೆಂಟಿಮೀಟರ್ ಒಳಗೆ ಹೋಗೋ ಹಾಗೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು, ಎರಡು ನಿಮಿಷಕ್ಕೇ ತೋಳು ಸೋತು ಹೋಗತ್ತೆ, ಅದಕ್ಕೇ ಜೊತೇಲಿರೋರು ಬದಲಾಯಿಸ್ಕೊಂಡು ಮಾಡ್ಬೇಕು. ಎಇಡಿ (ಹೃದಯದ ಬಡಿತ ಸರಿ ಮಾಡೋಕೆ ಶಾಕ್ ಕೊಡೋ) ಮಷೀನ್ ಅಂದ್ರೆ ಭಯ ಇತ್ತು, ಆದ್ರೆ ಪ್ಯಾಡ್ ಅಂಟಿಸಿದ್ರೆ ಮುಂದೇನು ಅಂತ ಅದೇ ಮಾತಾಡಿ ಹೇಳತ್ತೆ, ಶಾಕ್ ಬೇಡದಿದ್ರೆ ಕೊಡೋದೇ ಇಲ್ಲ. 2021ರ ಜೂನ್ 12ಕ್ಕೆ ಕೋಪನ್‌ಹೇಗನ್‌ನಲ್ಲಿ ಡೆನ್ಮಾರ್ಕ್ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಮೈದಾನದಲ್ಲೇ ಕುಸಿದು ಬಿದ್ದಾಗ ಜೀವ ಉಳಿಸಿದ್ದು ಸಿಪಿಆರ್ ಮತ್ತೆ ಇಂಥ ಶಾಕ್‌ ಮಷೀನೇ, 2022ರಲ್ಲಿ ಮತ್ತೆ ಆಡೋಕೂ ಬಂದ್ರು. ಅವತ್ತು ಟಿವಿ ಮುಂದೆ ಕೂತು ನಡುಗಿದ್ದೆ, ಈಗ ಏನ್ ಮಾಡ್ಬೇಕು ಅಂತ ಆದ್ರೂ ಗೊತ್ತು.

ಬೇಜಾರಾಗಿದ್ದು ಒಂದೇ. ಬಿಪಿ ನೋಡೋಕೆ ಮುಂಚೆ 5 ನಿಮಿಷ ಸುಮ್ನೆ ಕೂರ್ಸಬೇಕು, ಇಲ್ಲಾಂದ್ರೆ ಜಾಸ್ತಿ ತೋರ್ಸತ್ತೆ, ಆ ಕ್ಯೂ ಗಲಾಟೇಲಿ ಯಾರಿಗೂ ಟೈಮೇ ಇರ್ಲಿಲ್ಲ, ಇನ್ನೊಂದಷ್ಟು ಕುರ್ಚಿ ಹಾಕಿ ದಯವಿಟ್ಟು. ಅಪ್ಪಂಗೆ 150/95 ಬಂತು. ಗಾಬರಿ ಬೇಡ, ಆದ್ರೆ ಬಿಡ್ಬೇಡಿ, ಇನ್ನೊಂದ್ಸಲ ಚೆಕ್ ಮಾಡ್ಸಿ ಅಂತ ಚೀಟಿ ಬರ್ಕೊಟ್ರು, ಸೋಮವಾರ ಡಾಕ್ಟರ್ ಹತ್ರ ಹೋಗ್ತಿದೀವಿ.