ಎರೆಭೂಮಿ ಮೇಲೆ ಹಸಿರು ಹಾಸು: ಬಳ್ಳಾರಿಯ ಒಂದು ಬಾಡಿಗೆ ಟರ್ಫ್

ಊರಂಚಿನ ಈ ಟರ್ಫ್ (ಕೃತಕ ಹುಲ್ಲು ಹಾಸಿದ ಮೈದಾನ) ಫುಟ್‌ಬಾಲ್‌ಗೆಂದೇ ಕಟ್ಟಿದ್ದು, ಅದೇ ಇದರ ದೊಡ್ಡ ಗುಣ. ಬೆಂಗಳೂರು ಎಫ್‌ಸಿ ಆಡುವ ಕಂಠೀರವ ಕ್ರೀಡಾಂಗಣದಲ್ಲೂ ಪ್ರೇಕ್ಷಕರಿಗೂ ಮೈದಾನಕ್ಕೂ ನಡುವೆ ಓಟದ ಟ್ರ್ಯಾಕ್ ಇದೆ. ಇಲ್ಲಿ ಮೆಟ್ಟಿಲ ಮೇಲೆ ಕೂತರೆ ಗೋಲ್‌ಕೀಪರ್ ಬೈಯೋದೂ ಕೇಳ್ತದೆ.

ತೊಂದರೆ ಇರೋದು ಅಡಿಪಾಯದಲ್ಲಿ. ಎರೆಮಣ್ಣು ಮಳೆಗೆ ಉಬ್ಬುತ್ತೆ, ಬೇಸಿಗೆಗೆ ಬಿರಿಯುತ್ತೆ. ಹಾಗಾಗಿ ಮೇಲ್ಮಣ್ಣು ತೆಗೆದು, ಗರಸು (ಕಲ್ಲು ಬೆರೆತ ಗಟ್ಟಿ ಮಣ್ಣು) ತುಂಬಿ, ಪದರ ಪದರವಾಗಿ ನೀರು ಹಾಕಿ ರೋಲರ್ ಹೊಡೆದು, ಆಮೇಲೆ ಜಲ್ಲಿ ಹಾಸಬೇಕು. ನೂರು ಅಡಿಗೆ ಸುಮಾರು ಒಂದಡಿ ಇಳಿಜಾರು, ಅಂಚಿಗೆ ಚರಂಡಿ ಇರಬೇಕು. ಇಲ್ಲಿ ಗರಸು ಹಾಕುವಾಗ ಕೈ ಬಿಗಿ ಹಿಡಿದಂತಿದೆ: ಒಂದು ಗೋಲ್ ಮುಂದೆ ನೆಲ ಕುಸಿದು ಚೆಂಡು ತಾನಾಗೇ ತಿರುಗ್ತದೆ, ಪಕ್ಕದಲ್ಲಿ ಹಾಸಿನ ಜೋಡಣೆ ಬೆರಳು ತೂರುವಷ್ಟು ಬಾಯಿ ಬಿಟ್ಟಿದೆ. ಅಂಟು ಬಳಿದರೆ ಮತ್ತೆ ಬಿಡುತ್ತೆ. ಹಾಸು ಎತ್ತಿ ತಳ ಸರಿಮಾಡಲೇಬೇಕು.

ಹುಲ್ಲಿನ ಎಳೆ 50 ಮಿಲಿಮೀಟರ್, ಗುಣಮಟ್ಟ ಚೆನ್ನಾಗಿದೆ. ಮೂಲೆಗಳಲ್ಲಿ ಮಾತ್ರ ಎಳೆಗಳ ನಡುವೆ ತುಂಬಿದ ರಬ್ಬರ್ ಕಾಳು ಸರಿದು ಎಳೆ ಮಲಗಿದೆ. ವಾರಕ್ಕೊಮ್ಮೆ ಬ್ರಷ್ ಎಳೆಯೋ ಕೆಲಸ, ಅದಕ್ಕೂ ಸೋಮಾರಿತನ!

ಏಪ್ರಿಲ್, ಮೇ ತಿಂಗಳ ಮಧ್ಯಾಹ್ನದ ಸ್ಲಾಟ್ ಅಗ್ಗ ಅಂತ ಹಿಡೀಬೇಡಿ. ಬಳ್ಳಾರಿ ಬಿಸಿಲು 40 ಡಿಗ್ರಿ ಮುಟ್ಟಿದರೆ ಹಾಸು 60 ದಾಟಬಹುದು. ನೀರು ಚಿಮುಕಿಸಿದ ತಂಪು ಬೇಗ ಆರಿಹೋಗುತ್ತೆ. ಸಂಜೆ ಏಳರ ಮೇಲೆ ಹೋಗಿ, ತಳದಲ್ಲಿ ಗಿಡ್ಡ ಸ್ಟಡ್ (ಗುಬುಟು) ಇರೋ ಟರ್ಫ್ ಶೂ ಹಾಕಿ. ಐದೈದು ಜನರ ಆಟಕ್ಕೆ ಧಾರಾಳ ಜಾಗ. ಹನ್ನೊಂದರ ತಂಡಕ್ಕೆ ನಿಯಮದಂತೆ ಕನಿಷ್ಠ 90 ಮೀಟರ್ ಉದ್ದ, 45 ಮೀಟರ್ ಅಗಲ ಬೇಕು, ಅವರು ಬೇರೆ ಕಡೆ ನೋಡಿಕೊಳ್ಳಲಿ.